ಅನುಮಾನದ ಪೆಟ್ಟಿಗೆ

"ನನಗೆ ಗೊತ್ತಿಲ್ಲ" ಎನ್ನುವ ಮಾತನ್ನು ಯಂತ್ರವೊಂದಕ್ಕೆ ಕಲಿಸಿದವಳು ಸಿಂಚನ. ಕಲಿಸಲು ಅವಳಿಗೆ ಹಲವು ವರ್ಷ ಹಿಡಿಯಿತು. ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ನಮ್ಮ ದೊಡ್ಡ ಮನುಷ್ಯರಿಗೆ ಎಷ್ಟು ಕಷ್ಟವೋ ಯಂತ್ರಕ್ಕೂ ಅಷ್ಟೇ ಕಷ್ಟ. ಕೊನೆಗೂ ಪಾಠ ಕಲಿತ ಯಂತ್ರ ಆ ಮಾತನ್ನು ಅವಳ ಸ್ವಂತ ಮಾವನಿಗೇ ಹೇಳಿದಾಗ ಮಾತ್ರ, ಇದಕ್ಕೆ ಕಲಿಸದೇ ಇದ್ದಿದ್ದರೇ ಚೆನ್ನಾಗಿತ್ತೇನೋ ಎಂದು ಅವಳಿಗೇ ಅನ್ನಿಸಿಬಿಟ್ಟಿತು.

ಆ ಕಾಲಕ್ಕೆ ರೋಗದ ಚಿತ್ರಗಳನ್ನು ಮನುಷ್ಯರು ಕಣ್ಣಿಟ್ಟು ನೋಡುವುದು ನಿಂತೇಹೋಗಿತ್ತು. ಐವತ್ತೈದು ದಾಟಿದ ಗಂಡಸರು ವರ್ಷಕ್ಕೊಮ್ಮೆ ತಮ್ಮ ಬಡಾವಣೆಗೆ ಬರುವ ಎಂಆರ್‌ಐ ಲಾರಿ ಹತ್ತಿ ಮಲಗಬೇಕಿತ್ತು. ಲಾರಿಯ ಹೊಟ್ಟೆಯೊಳಗಿದ್ದ ಆಯಸ್ಕಾಂತ ಒಂದಷ್ಟು ಹೊತ್ತು ಟಕಟಕ, ಗಡಗಡ ಎಂದು ಸದ್ದು ಮಾಡಿ, ಮೂತ್ರಕೋಶದ ಕೆಳಗೆ ಅಡಗಿ ಕುಳಿತ ಪ್ರಾಸ್ಟೇಟ್ ಗ್ರಂಥಿಯ ಚಿತ್ರ ತೆಗೆಯುತ್ತಿತ್ತು. ಚಿತ್ರ ನೇರವಾಗಿ 'ದರ್ಶಿ' ಎಂಬ ಯಂತ್ರಕ್ಕೆ ಹೋಗುತ್ತಿತ್ತು. ಮಲಗಿದವನು ಎದ್ದು ಪಂಚೆ ಸರಿಮಾಡಿಕೊಳ್ಳುವಷ್ಟರಲ್ಲಿ ಅವನ ಫೋನಿಗೆ ಬಣ್ಣ ಬಂದಿರುತ್ತಿತ್ತು. ಹಸಿರು ಎಂದರೆ ಮುಂದಿನ ವರ್ಷ ಬಾ ಎಂದರ್ಥ. ಕೆಂಪು ಎಂದರೆ ಕ್ಯಾನ್ಸರ್; ಆಪರೇಷನ್ನಿನ ದಿನವನ್ನೂ ದರ್ಶಿಯೇ ಗೊತ್ತುಮಾಡಿ ಕಳಿಸುತ್ತಿತ್ತು. ನಡುವೆ ಯಾವ ಡಾಕ್ಟರೂ ಬಾಯಿ ಹಾಕುತ್ತಿರಲಿಲ್ಲ. ಹಾಕಬೇಕೆಂದು ಯಾರಿಗೂ ಅನ್ನಿಸುತ್ತಲೂ ಇರಲಿಲ್ಲ.

ತೊಡಕಿದ್ದದ್ದು ಒಂದೇ. ಚಿತ್ರ ಮಸುಕಾಗಿದ್ದರೂ ದರ್ಶಿ ಒಂದಲ್ಲ ಒಂದು ಬಣ್ಣ ಹೇಳಿಯೇ ತೀರುತ್ತಿತ್ತು. ಕನ್ನಡಕ ಮರೆತು ಬಂದ ಜ್ಯೋತಿಷಿ ಅಂಗೈ ನೋಡಿದ ಹಾಗೆ, ಕಾಣದಿದ್ದರೂ ಭವಿಷ್ಯ ಮಾತ್ರ ನಿಲ್ಲುತ್ತಿರಲಿಲ್ಲ. ಅದಕ್ಕೇ ಸಿಂಚನ ಇನ್ನೊಂದು ಯಂತ್ರ ಮಾಡಿದಳು. ಅದು ರೋಗವನ್ನು ನೋಡುವುದಿಲ್ಲ, ಚಿತ್ರವನ್ನು ನೋಡುತ್ತದೆ. ಚಿತ್ರ ಎಷ್ಟು ಚೊಕ್ಕವಾಗಿದೆ ಎಂದು ಐದಕ್ಕೆ ಅಂಕ ಹಾಕುತ್ತದೆ. ಮೂರಕ್ಕಿಂತ ಕಡಿಮೆ ಬಂದರೆ ದರ್ಶಿಯ ಬಣ್ಣಕ್ಕೆ ಬೀಗ ಬೀಳುತ್ತದೆ. ಫೋನಿಗೆ "ಚಿತ್ರ ಸಾಲದು, ಗೊತ್ತಿಲ್ಲ, ಮತ್ತೊಮ್ಮೆ ಬನ್ನಿ" ಎಂದು ಬರುತ್ತದೆ. ಕಾಗದದ ಮೇಲೆ ಅದಕ್ಕೇನೋ ಉದ್ದದ ಹೆಸರಿತ್ತು. ಮೈಸೂರಿನ ಜನ ಅದನ್ನು ಅನುಮಾನದ ಪೆಟ್ಟಿಗೆ ಎಂದು ಕರೆದರು, ಆ ಹೆಸರೇ ಉಳಿಯಿತು. ಕಟಿಂಗ್ ಶಾಪಿನಲ್ಲಿ, ಟೀ ಅಂಗಡಿಯಲ್ಲಿ ಗಂಡಸರು ಪರೀಕ್ಷೆ ಬರೆದು ಬಂದ ಮಕ್ಕಳ ಹಾಗೆ, ನಂಗೆ ನಾಲ್ಕು ಬಂತು, ನಿಂಗೆಷ್ಟು, ಎಂದು ಕೇಳಿಕೊಳ್ಳುವುದು ಶುರುವಾಯಿತು.

ಸಿಂಚನಳ ಮಾವ ಚೆಲುವರಾಜು ಹೆಸರಾಂತ ಪೈಲ್ವಾನರು. ಕುಸ್ತಿ ಬಿಟ್ಟು ಬಹಳ ಕಾಲವಾಗಿದ್ದರೂ ಗರಡಿ ಬಿಟ್ಟಿರಲಿಲ್ಲ. ಬೆಳಗಾದರೆ ಗರಡಿಯ ಕೆಮ್ಮಣ್ಣಿನ ಅಖಾಡಕ್ಕೆ, ಅಂದರೆ ಮಟ್ಟಿಗೆ, ಇಳಿದು ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದರು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ಅವರ ರಕ್ತಪರೀಕ್ಷೆಯಲ್ಲಿ ಪ್ರಾಸ್ಟೇಟಿನ ಅಂಶ ಏರಿದೆ ಎಂದು ಬಂದಾಗಿನಿಂದ ಮನೆಯಲ್ಲಿ ಎಲ್ಲರೂ ಸ್ಕ್ಯಾನಿನ ದಿನವನ್ನೇ ಕಾಯುತ್ತಿದ್ದರು. ಆ ದಿನ ಬಂತು. ಉಸ್ತಾದ್ ಲಾರಿ ಹತ್ತಿದರು, ಮಲಗಿದರು, ಎದ್ದು ಬಂದರು.

"ಐದಕ್ಕೆ ಒಂದೂವರೆ ಅಂತೆ," ಎಂದು ಅವರು ಸಂಜೆ ಹಜಾರದಲ್ಲಿ ಕುಳಿತು ಫೋನನ್ನು ಮಗನತ್ತ ಚಾಚಿದರು. "ನಾನು ಕದಲಿಲ್ಲ ಕಣೋ. ಇಬ್ಬರು ಆಳು ಬಂದು ನೂಕಿದ್ರೂ ಕದಲ್ತಿರಲಿಲ್ಲ. ಒಂದೂವರೆ ಹೆಂಗೆ ಕೊಡ್ತಾರೆ?"

ಮಗ ಲಿಖಿತ್ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಅವನು ಹೆಂಡತಿಯ ಮುಖ ನೋಡಿದ. ಸಿಂಚನ ನೆಲ ನೋಡಿದಳು. ಸೊಸೆಯಾದವಳು ಮಾವನ ಜೊತೆ ಮಾತಾಡುವ ವಿಷಯವೇ ಅದು? ಪ್ರಾಸ್ಟೇಟ್ ಎನ್ನುವ ಪದವನ್ನು ದಿನಕ್ಕೆ ನೂರು ಸಲ ಹೇಳುವ ಕೆಲಸ ಅವಳದು. ಈ ಹಜಾರಕ್ಕೆ ಬಂದರೆ ಮಾತ್ರ ಅದನ್ನು ಹೊಸಲಾಚೆಯೇ ಬಿಟ್ಟು ಬರುತ್ತಿದ್ದಳು.

"ಚಿತ್ರ ಚೆನ್ನಾಗಿ ಬಂದಿಲ್ಲ ಅಷ್ಟೇ ಮಾವ. ನಿಮ್ಮದೇನೂ ತಪ್ಪಿಲ್ಲ. ಇನ್ನೊಂದು ಸಲ ಕರೀತಾರೆ."

"ಯಾವಾಗ?"

"ಸಾಲು ಸ್ವಲ್ಪ ಉದ್ದ ಇದೆ. ಬೇಸಿಗೆ ಹೊತ್ತಿಗೆ ಆಗಬಹುದು."

ಉಸ್ತಾದ್ ಹೂಂ ಎಂದು ಎದ್ದುಹೋದರು. ಗೇಟಿನ ಬಳಿ ನಿಂತಿದ್ದ ಪಕ್ಕದ ಮನೆಯ ಚಂದ್ರಣ್ಣ, ಕೇಳಿಸದ ಹಾಗೆ ಎಂದುಕೊಂಡು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: "ನಂದು ಹೋದ ವರ್ಷವೇ ಹಸಿರು ಬಂತಪ್ಪ. ಆಗ ಈ ಪೆಟ್ಟಿಗೆ ಪಿಟ್ಟಿಗೆ ಯಾವುದೂ ಇರಲಿಲ್ಲ. ಮಲಗಿದ್ವಿ, ಎದ್ವಿ, ಮುಗೀತು."

ಅತ್ತೆ ಪದ್ಮಮ್ಮ ಸೊಸೆಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅವರಿಗೆ ಸಾಯೋ ಭಯ ಇಲ್ಲ ಕಣವ್ವ. ಆಪರೇಷನ್ ಆದ್ಮೇಲೆ ಕೆಲವರಿಗೆ ಒಂದಕ್ಕೆ ಹಿಡಿತ ಇರಲ್ವಂತಲ್ಲ, ಅದೇ ಭಯ. ಆ ಮೇಗಲ ಬೀದಿ ಗರಡಿ ಉಸ್ತಾದ್ ಹಂಗಾದ್ಮೇಲೆ ಮಟ್ಟಿಗೇ ಇಳಿದಿಲ್ಲ. ದೂರ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಇವರು ಅದನ್ನ ನೋಡ್ಕೊಂಡು ಬಂದು ಎರಡು ದಿನ ಮಾತಾಡ್ಲಿಲ್ಲ."

ಮಲಗುವ ಕೋಣೆಗೆ ಬಂದ ಮೇಲೆ ಲಿಖಿತ್ ನೇರವಾಗಿ ಕೇಳಿದ: "ಬೀಗ ಹಾಕಿದೋಳು ನೀನೇ ತಾನೇ? ಕೀಲಿನೂ ನಿನ್ನ ಹತ್ರಾನೇ ಇದೆ. ಒಂದ್ಸಲ ತೆಗೆದು ನೋಡಿಬಿಡು."

"ನೋಡಬಾರದು ಅಂತಲೇ ಬೀಗ ಹಾಕಿರೋದು."

"ಊರಿನವರಿಗೆ ಸರಿ. ಅಪ್ಪನಿಗೂ ಅದೇ ರೂಲ್ಸಾ?"

ಅವಳು ದೀಪ ಆರಿಸಿ ಮಗ್ಗುಲಾದಳು.

ಮಾರನೆಯ ದಿನ ಕಂಟ್ರೋಲ್ ರೂಮಿನಲ್ಲಿ ಇನ್ನೊಂದು ತಲೆನೋವು ಕಾದಿತ್ತು. ಗೋಡೆಯ ತುಂಬ ರಾಜ್ಯದ ನಕ್ಷೆ. ಯಾವ ತಾಲ್ಲೂಕಿನಲ್ಲಿ ಬೀಗ ಬಿದ್ದ ಚಿತ್ರಗಳು ಹೆಚ್ಚೋ ಆ ತಾಲ್ಲೂಕು ದೀಪದ ಹಾಗೆ ಉರಿಯುತ್ತಿತ್ತು. ಮೈಸೂರು, ಮಂಡ್ಯ, ರಾಮನಗರ, ಮಾಗಡಿ, ತುಮಕೂರು, ಕೋಲಾರ, ಎಲ್ಲ ಧಗಧಗ. ಕರಾವಳಿ ಕತ್ತಲು. ಬೀದರ್, ರಾಯಚೂರಿನ ಕಡೆಯೂ ಕತ್ತಲು. ಮಳೆಗಾಲದಲ್ಲಿ ತಣ್ಣಗಿದ್ದ ನಕ್ಷೆ ಡಿಸೆಂಬರ್ ಹುಟ್ಟುತ್ತಿದ್ದಂತೆ ಹೀಗೆ ಹೊತ್ತಿಕೊಂಡಿತ್ತು. ಅದರಲ್ಲೂ ಸೋಮವಾರಗಳಂದು ವಿಪರೀತ.

ಇಂಜಿನಿಯರುಗಳು ತಲೆಗೊಂದು ಕಾರಣ ಹೇಳಿದರು. ಒಬ್ಬ ಚಳಿಗೆ ಆಯಸ್ಕಾಂತದ ಹದ ತಪ್ಪಿದೆ ಎಂದ. ಇನ್ನೊಬ್ಬ ಜನರೇಟರ್ ಎಂದ. ಮತ್ತೊಬ್ಬ ರಸ್ತೆಗುಂಡಿಗಳಲ್ಲಿ ಲಾರಿ ಕುಲುಕಿ ಕುಲುಕಿ ತಂತಿಗಳು ಸಡಿಲವಾಗಿವೆ ಎಂದ. ರಾಯಚೂರಿನಲ್ಲಿ ರಸ್ತೆಗುಂಡಿಗಳೇ ಇಲ್ಲವೇ ಎಂದು ಕೇಳಿದಾಗ ಅವನು ಜನರೇಟರ್ ಪಕ್ಷಕ್ಕೆ ಸೇರಿಕೊಂಡ. ಲಾರಿಗಳನ್ನೆಲ್ಲ ಬಿಚ್ಚಿ ನೋಡಿದ್ದಾಯಿತು; ಏನೂ ಸಿಗಲಿಲ್ಲ. ಚಿತ್ರ ಕೆಟ್ಟಿದೆ ಎಂದು ಹೇಳುವುದನ್ನಷ್ಟೇ ಸಿಂಚನ ಪೆಟ್ಟಿಗೆಗೆ ಕಲಿಸಿದ್ದಳು. ಯಾಕೆ ಕೆಟ್ಟಿದೆ ಎಂದು ಹೇಳಲು ಅದಕ್ಕೆ ಬರುತ್ತಿರಲಿಲ್ಲ. ಮೂಲಚಿತ್ರ ತೆಗೆದು ನೋಡೋಣವೆಂದರೆ ರೋಗಿಗಳ ಗುಟ್ಟು ಕಾಯುವ ಕಾನೂನು ಅಡ್ಡಬರುತ್ತಿತ್ತು; ಅದಕ್ಕೆ ನಿರ್ದೇಶಕರ ಹೆಬ್ಬೆಟ್ಟೇ ಬೇಕು. ಮನುಷ್ಯರು ಚಿತ್ರ ನೋಡುವ ಅಭ್ಯಾಸವೇ ತಪ್ಪಿಹೋಗಿದ್ದರಿಂದ ಆ ಹೆಬ್ಬೆಟ್ಟನ್ನು ಕೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ನಿರ್ದೇಶಕ ಡಾಕ್ಟರ್ ಉತ್ತಪ್ಪ ಕೊಡಗಿನವರು, ಗಡಸು ದನಿಯ ಮನುಷ್ಯ. ನಕ್ಷೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನೋಡಮ್ಮ ಸಿಂಚನ, ಜನ ನನ್ನ ಪ್ರಾಣ ತಿಂತಿದ್ದಾರೆ. ಮತ್ತೆ ಬನ್ನಿ ಅಂದವರ ಸಾಲು ಬೇಸಿಗೆವರೆಗೂ ಹೋಗಿದೆ. ಈ ಶನಿವಾರ ನಿನ್ನ ಪೆಟ್ಟಿಗೆ ಬಂದ್ ಮಾಡ್ತೀನಿ. ಬೀಗ ಬಿದ್ದಿರೋ ಅಷ್ಟೂ ಬಣ್ಣ ಜನರ ಫೋನಿಗೆ ಹೋಗಲಿ."

"ಸರ್, ಆ ಬಣ್ಣಗಳನ್ನ ನಂಬೋ ಹಾಗಿಲ್ಲ."

"ಏನೂ ಹೇಳದೇ ಇರೋದಕ್ಕಿಂತ ಏನೋ ಒಂದು ಹೇಳೋದು ವಾಸಿ ಅಂತಾರೆ ಮೇಲಿನವರು. ನಾನೇನು ಮಾಡಲಿ? ಶನಿವಾರದೊಳಗೆ ಕಾರಣ ಹುಡುಕಿಕೊಡು, ಬೀಗ ಇರಲಿ. ಇಲ್ಲಾಂದ್ರೆ ಇಲ್ಲ."

ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೆ ಸಿಂಚನ ತನ್ನ ಮೇಜಿನ ಮುಂದೆ ಒಬ್ಬಳೇ ಉಳಿದಳು. ಶನಿವಾರ ಎಲ್ಲರ ಬಣ್ಣವೂ ಹೊರಬರುವುದಾದರೆ ಮಾವನದ್ದೂ ಬರುತ್ತದೆ. ಈಗ ನೋಡಿದರೆ ಏನು, ಆಗ ನೋಡಿದರೆ ಏನು? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಕೀಲಿ ಒತ್ತಿದಳು. ಅವಳ ಕೀಲಿಗೆ ಮೂಲಚಿತ್ರ ತೆರೆಯುತ್ತಿರಲಿಲ್ಲ, ದರ್ಶಿ ಹೇಳಿದ ಬಣ್ಣವಷ್ಟೇ ತೆರೆಯುತ್ತಿತ್ತು.

ಕೆಂಪು. ಗ್ರಂಥಿಯ ಹಿಂದಿನ ಅಂಚಿನಲ್ಲಿ ಹುಣಸೆಬೀಜದಷ್ಟು ಅಗಲದ, ದಟ್ಟ ಕೆಂಪು.

ಈ ಬಣ್ಣಕ್ಕೆ ಬೆಲೆಯಿಲ್ಲ ಎಂದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೇ. ಒಂದೂವರೆ ಅಂಕದ ಚಿತ್ರದ ಮೇಲೆ ಹೇಳಿದ ಮಾತು ಅದು. ಆದರೂ ಕಣ್ಣು ಕಂಡದ್ದನ್ನು ಮನಸ್ಸು ಬಿಡಬೇಕಲ್ಲ. ಶನಿವಾರ ಈ ಬಣ್ಣ ಮಾವನ ಫೋನಿಗೆ ಹೋಗುತ್ತದೆ, ಮರುವಾರ ಅವರು ಆಪರೇಷನ್ ಮೇಜಿನ ಮೇಲೆ ಮಲಗಿರುತ್ತಾರೆ. ಕೆಂಪು ನಿಜವಾಗಿದ್ದರೆ ಸರಿ. ಸುಳ್ಳಾಗಿದ್ದರೆ?

ಅಂದು ಸಂಜೆ ಮನೆಗೆ ಬಂದವಳು ಮಾವನ ಎದುರು ನಿಲ್ಲಲಿಲ್ಲ. ಲಿಖಿತ್ ಕಣ್ಣಲ್ಲೇ ಕೇಳಿದ್ದಕ್ಕೆ, ಇನ್ನೂ ನೋಡಿಲ್ಲ ಎಂದು ಸುಳ್ಳು ಹೇಳಿದಳು. ಉಸ್ತಾದ್, "ಏನವ್ವ, ಯಾಕೋ ಸಪ್ಪಗಿದೀಯಾ?" ಎಂದು ಮಾತಾಡಿಸಿದರೆ, ಕೆಲಸ ಜಾಸ್ತಿ ಮಾವ ಎಂದು ಒಳಗೆ ಹೋಗಿಬಿಟ್ಟಳು. ಅವರು ಅವಳು ಹೋದ ಕಡೆಗೇ ಒಂದು ಗಳಿಗೆ ನೋಡುತ್ತ ಕುಳಿತಿದ್ದರು.

ಮಾರನೆಯ ಸಂಜೆ ಹಜಾರದ ಗೋಡೆ ಬೋಳಾಗಿ ಕಂಡಿತು. ದಸರಾ ಕುಸ್ತಿಯಲ್ಲಿ ಉಸ್ತಾದ್ ಗೆದ್ದು ತಂದಿದ್ದ ಬೆಳ್ಳಿ ಗದೆ ಅಲ್ಲಿ ತೂಗುಹಾಕಿರುತ್ತಿತ್ತು. ಕೇಳಿದ್ದಕ್ಕೆ ಪದ್ಮಮ್ಮ, "ಪಾಲಿಶ್ ಹಾಕಿಸೋಕೆ ಅಂತ ತಗೊಂಡ್ಹೋದ್ರು" ಎಂದರು. ಸಿಂಚನಳ ತಲೆಯಲ್ಲಿ ಶನಿವಾರ ಕೂತಿತ್ತು. ಗದೆಯ ಮಾತು ಆ ಕಿವಿಯಲ್ಲಿ ಬಂದು ಈ ಕಿವಿಯಲ್ಲಿ ಹೋಯಿತು.

ಪದ್ಮಮ್ಮ ಅಡುಗೆಮನೆಯಲ್ಲಿ ಕಾಲು ಚಾಚಿ ಕುಳಿತಿದ್ದರು. ಮುಂದೆ ದೊಡ್ಡ ಬೇಸಿನ್ನು, ಅದರ ತುಂಬ ನೆನೆಹಾಕಿದ ಅವರೆಕಾಳು. "ಬಾ, ಇಷ್ಟು ಹಿದುಕಿಕೊಡು" ಎಂದರು. ಸಿಂಚನ ಕುಂದಾಪುರದವಳು. ಅವಳ ಊರಲ್ಲಿ ಈ ವೈಭವ ಇರಲಿಲ್ಲ. ಮದುವೆಯಾಗಿ ಬಂದ ಮೇಲೇ ಅವಳು ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ, ಸಿಪ್ಪೆಯಿಂದ ಬೇಳೆ ಚಿಮ್ಮಿಸುವುದನ್ನು ಕಲಿತದ್ದು. ಮನೆಯೆಲ್ಲ ಅವರೆಯ ಸೊಗಡು ತುಂಬಿತ್ತು.

"ಯಾರಿಗೆ ಮಾಡ್ತಿದೀನೋ ಗೊತ್ತಿಲ್ಲ," ಎಂದು ಪದ್ಮಮ್ಮ ನಿಟ್ಟುಸಿರು ಬಿಟ್ಟರು. "ಇವರು ಸರಿಯಾಗಿ ಉಣ್ತಾನೇ ಇಲ್ಲ. ಸ್ಕ್ಯಾನಿಗೆ ಹೋದ ದಿನ ಮಾತ್ರ ಹೆಂಗೆ ಉಂಡಿದ್ರು ಅಂತೀಯಾ!"

ಸಿಂಚನಳ ಕೈ ನಿಂತಿತು. ಆ ವಾರವೆಲ್ಲ ಅವಳು ಉಂಡದ್ದು ಕಂಟ್ರೋಲ್ ರೂಮಿನ ಕ್ಯಾಂಟೀನಿನಲ್ಲಿ. "ಅವತ್ತು ಏನು ಉಂಡಿದ್ರು ಅತ್ತೆ?"

"ಇನ್ನೇನು, ಹಿಂದಿನ ದಿನ ಭಾನುವಾರ ತಾನೇ, ಮುದ್ದೆ, ಹಿದಕಬೇಳೆ ಸಾರು. ಬೆಳಗ್ಗೆ ಅದೇ ಬೇಳೆ ಹಾಕಿ ಉಪ್ಪಿಟ್ಟು."

"ಗ್ಯಾಸ್ ಆಗೋ ಪದಾರ್ಥ ತಿನ್ನಬಾರದು ಅಂತ ಮೆಸೇಜ್ ಬಂದಿರಲಿಲ್ವಾ?"

"ಬಂದಿತ್ತಲ್ಲ! ನಾನೇನು ಓದಕ್ಕೆ ಬರದೋಳಾ? ಅದಕ್ಕೇ ಆಲೂಗೆಡ್ಡೆ ಮುಟ್ಟಲಿಲ್ಲ. ಬದನೆಕಾಯಿನೂ ಬೇಡ ಅಂತ ಬಿಟ್ಟೆ. ಅವೆರಡರ ಬದಲು ಬೇಳೆನೇ ಇನ್ನೆರಡು ಹಿಡಿ ಜಾಸ್ತಿ ಹಾಕ್ದೆ."

"ಅತ್ತೆ, ಅವರೆಕಾಯಿ ಗ್ಯಾಸ್ ಅಲ್ವಾ?"

ಪದ್ಮಮ್ಮ ಸೊಸೆಯನ್ನು ಕನಿಕರದಿಂದ ನೋಡಿದರು. "ಸಿಪ್ಪೆ ಇದ್ರೆ ಗ್ಯಾಸು. ಹಿದುಕಿದ ಮೇಲೆ ಏನಿರುತ್ತೆ ಅದರಲ್ಲಿ? ಇರೋ ಬರೋ ವಾಯು ಎಲ್ಲಾ ಸಿಪ್ಪೆ ಜೊತೇಲೇ ಹೋಯ್ತು. ನಮ್ಮವ್ವನೂ ಹಂಗೇ ಹೇಳೋರು. ಈ ಬೀದಿಯೋರೆಲ್ಲ ಹಂಗೇ ತಾನೇ ಉಂಡ್ಕೊಂಡು ಹೋಗಿರೋದು."

ಸಿಂಚನಳ ಕಣ್ಣ ಮುಂದೆ ಗೋಡೆಯ ನಕ್ಷೆ ಬಂದು ನಿಂತಿತು. ಮೈಸೂರು, ಮಾಗಡಿ, ತುಮಕೂರು, ಕೋಲಾರ. ಡಿಸೆಂಬರು. ಭಾನುವಾರದ ಊಟ, ಸೋಮವಾರದ ಬೀಗ. ಉರಿಯುತ್ತಿದ್ದ ಒಂದೊಂದು ದೀಪದ ಹಿಂದೆಯೂ ಒಂದೊಂದು ಪಾತ್ರೆ ಸಾರು ಕುದಿಯುತ್ತಿತ್ತು.

ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. ಮಾವನನ್ನು ಕೇಳುವ ಹಾಗಿರಲಿಲ್ಲ. ಅವಳು ತಲೆ ತಗ್ಗಿಸಿ, ಕಾಳನ್ನು ನೋಡುತ್ತ, ತಡವರಿಸುತ್ತ ಕೇಳಿದಳು: "ಅತ್ತೆ... ಅವತ್ತು ಲಾರಿಯಲ್ಲಿ ಮಾವನಿಗೆ... ಹೊಟ್ಟೆ ಉಬ್ಬರ ಏನಾದರೂ..."

ಪದ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಷ್ಟೋ ದಿನದ ಮೇಲೆ ಅವರಿಗೆ ನಗು ಬಂದಿತ್ತು. "ತಡ್ಕೊಂಡಿದ್ರಂತೆ ಕಣವ್ವ! ಲಾರೀಲಿ ಬಟನ್ ಒತ್ತೋಳು ಹೆಣ್ಣುಮಗಳಂತೆ. ಮಾನ ಹೋಗುತ್ತೆ ಅಂತ ಬಿಗಿಯಾಗಿ ಹಿಡ್ಕೊಂಡು ಮಲಗಿದ್ರಂತೆ. ಮನೆಗೆ ಬಂದ್ಮೇಲೇ..." ಮುಂದಿನದನ್ನು ಅವರು ಹೇಳಲಾರದೆ ಹೊಟ್ಟೆ ಹಿಡಿದುಕೊಂಡರು.

ಸಿಂಚನ ಮಾತ್ರ ನಗಲಿಲ್ಲ. ಅತ್ತೆಯ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಯಾಕೆಂದು ತಿಳಿಯದಿದ್ದರೂ ಪದ್ಮಮ್ಮ ಅವಳ ತಲೆ ನೇವರಿಸಿದರು.

ಮರುದಿನ ಬೆಳಗ್ಗೆ ಅವಳು ಉತ್ತಪ್ಪನವರ ಕೋಣೆಯ ಮುಂದೆ ಅವರಿಗಿಂತ ಮೊದಲೇ ನಿಂತಿದ್ದಳು. ನಡೆದದ್ದೆಲ್ಲವನ್ನೂ ಹೇಳಿದಳು, ಬೀಗ ತೆಗೆದು ನೋಡಿದ್ದನ್ನೂ ಮುಚ್ಚಿಡಲಿಲ್ಲ. ಅವರು ಹುಬ್ಬು ಗಂಟಿಕ್ಕಿದರು, ಆದರೆ ಹೆಬ್ಬೆಟ್ಟು ಒತ್ತಿದರು. ಪರದೆಯ ಮೇಲೆ ಉಸ್ತಾದರ ಮೂಲಚಿತ್ರ, ಬಣ್ಣವಿಲ್ಲದ್ದು, ಕಪ್ಪು ಬಿಳುಪಿನಲ್ಲಿ ಮೂಡಿತು. ಉತ್ತಪ್ಪ ಕಿರಿಯ ವಯಸ್ಸಿನಲ್ಲಿ ಇಂಥ ಸಾವಿರಾರು ಚಿತ್ರಗಳನ್ನು ಕಣ್ಣಾರೆ ನೋಡಿ ವರದಿ ಬರೆದಿದ್ದವರು. ಈಗ ಎಷ್ಟೋ ವರ್ಷದ ಮೇಲೆ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು.

ಗ್ರಂಥಿಯ ಹಿಂದೆ, ಅದಕ್ಕೆ ಅಂಟಿಕೊಂಡ ಹಾಗೆ, ಕರ್ರಗೆ ಒಂದು ದೊಡ್ಡ ಗುಳ್ಳೆ ಕೂತಿತ್ತು.

ನಮ್ಮ ಮೈಯೊಳಗಿನ ನೀರು ಸುಮ್ಮನೆ ನಿಲ್ಲುವುದಿಲ್ಲ, ಸದಾ ಅತ್ತಿತ್ತ ಸುಳಿದಾಡುತ್ತಿರುತ್ತದೆ. ಕ್ಯಾನ್ಸರ್ ಬೆಳೆದಲ್ಲಿ ಜೀವಕೋಶಗಳು ಒತ್ತೊತ್ತಾಗಿ ಸೇರಿ, ನೀರಿಗೆ ಓಡಾಡಲು ಜಾಗ ಸಿಗುವುದಿಲ್ಲ. ದರ್ಶಿ ಹುಡುಕುತ್ತಿದ್ದದ್ದು ಹೀಗೆ ನೀರು ಸಿಕ್ಕಿಬಿದ್ದ ಜಾಗವನ್ನು. ಆದರೆ ಪ್ರಾಸ್ಟೇಟಿನ ಬೆನ್ನಿಗೇ ಇರುವುದು ಗುದನಾಳ. ಅಲ್ಲಿ ಗಾಳಿ ತುಂಬಿಕೊಂಡರೆ ಆಯಸ್ಕಾಂತದ ಬಲ ಅಂಚಿನಲ್ಲಿ ಬಾಗುತ್ತದೆ. ಸ್ಟೀಲ್ ಚೊಂಬಿನಲ್ಲಿ ಕಾಣುವ ಮುಖದ ಹಾಗೆ ಚಿತ್ರ ಎಳೆದುಕೊಳ್ಳುತ್ತದೆ. ಇಲ್ಲದ ಗೆಡ್ಡೆ ಇದ್ದಂತೆ ಕಾಣಬಹುದು. ಇರುವ ಗೆಡ್ಡೆ ಮರೆಯಾಗಲೂಬಹುದು.

"ಅವರೆಕಾಯಿ!" ಎಂದರು ಉತ್ತಪ್ಪ. ಕುರ್ಚಿಗೆ ಒರಗಿ ಜೋರಾಗಿ ನಕ್ಕರು. "ಲಾರಿ ಲಾರಿ ಬಿಚ್ಚಿ ಹಾಕಿದೆವಲ್ಲಮ್ಮ, ಅವರೆಕಾಯಿಗೋಸ್ಕರ!" ಬೀಗ ಬಿದ್ದ ಇನ್ನಷ್ಟು ಚಿತ್ರಗಳನ್ನು ತೆಗೆಸಿದರು. ಮಂಡ್ಯದ ಗುಳ್ಳೆ, ಮಾಗಡಿಯ ಗುಳ್ಳೆ, ಕೋಲಾರದ ಗುಳ್ಳೆ. ನಗುತ್ತ ನಗುತ್ತಲೇ ಅವರ ಮುಖ ಬಿಗಿಯಿತು.

"ಸಿಂಚನ, ಹೋದ ವರ್ಷ ಇದೇ ಕಾಲಕ್ಕೆ ಪೆಟ್ಟಿಗೆ ಇರಲಿಲ್ಲ."

"ಹೌದು ಸರ್."

ಹೋದ ವರ್ಷದ ಸೋಮವಾರಗಳಲ್ಲಿ ಯಾರಿಗೆ ಕೆಂಪು ಬಂದಿತ್ತೋ, ಯಾರಿಗೆ ಹಸಿರು ಬಂದಿತ್ತೋ. "ಅವರಷ್ಟೂ ಜನರನ್ನ ಕರೆಸಬೇಕು," ಎಂದು ಉತ್ತಪ್ಪ ಎದ್ದರು. "ಸಾಲು ಉದ್ದ ಆದ್ರೆ ಆಗಲಿ. ರಾತ್ರಿ ಪಾಳಿ ಹಾಕಿ ಲಾರಿ ಓಡಿಸೋಣ. ಪೆಟ್ಟಿಗೆ ಇರುತ್ತೆ. ಮೇಲಿನವರಿಗೆ ನಾನು ಹೇಳ್ಕೋತೀನಿ. ಇನ್ನು ಮೇಲೆ ನೀನು ಮಾತ್ರ ಕದ್ದು ನೋಡಬೇಡ."

ಮುಂದಿನ ವಾರ ಪ್ರತಿ ಲಾರಿಯ ಬಾಗಿಲಿಗೂ ಹೊಸ ಬೋರ್ಡು ಬಿತ್ತು: "ಅವರೆಕಾಯಿ ಉಂಡವರು ಎರಡು ದಿನ ಬಿಟ್ಟು ಬನ್ನಿ. ಹಿದುಕಿದ್ದೂ ಅವರೆಕಾಯಿಯೇ." ಕೊನೆಯ ವಾಕ್ಯ ಸೇರಿಸಿದ್ದು ಸಿಂಚನ. ಅದನ್ನು ಓದಿ ಪದ್ಮಮ್ಮ ಒಂದು ದಿನ ಸೊಸೆಯ ಮೇಲೆ ಮುನಿಸಿಕೊಂಡರು.

ರಾತ್ರಿ ಪಾಳಿಯಿಂದ ಸಾಲು ಬೇಗ ಕರಗಿತು. ಉಸ್ತಾದರು ಮರುಸ್ಕ್ಯಾನಿಗೆ ಹೊರಟದ್ದು ಕುಸ್ತಿಗೆ ಹೊರಟ ಹಾಗೆ. ಊರೆಲ್ಲ ಸೊಗಡಿನಲ್ಲಿ ತೇಲುತ್ತಿದ್ದಾಗ ಅವರು ಗಂಜಿ ಕುಡಿದರು, ಮೊಸರನ್ನ ಉಂಡರು. ಲಾರಿಯಲ್ಲಿ ಹೊಟ್ಟೆ ಖಾಲಿ ಮಾಡಿಸಲು ಎನಿಮಾ ಕೊಟ್ಟಾಗ ಹಲ್ಲು ಕಚ್ಚಿಕೊಂಡು ಸಹಿಸಿದರು. ಈ ಸಲ ಬಟನ್ ಒತ್ತಲು ಗಂಡಾಳೊಬ್ಬನನ್ನು ಹಾಕುವ ಹಾಗೆ ಸಿಂಚನ ಮೊದಲೇ ಹೇಳಿಟ್ಟಿದ್ದಳು. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು, ಲಿಖಿತ್, ಪದ್ಮಮ್ಮ ಸಾಲಾಗಿ ಕುಳಿತಿದ್ದರು. ಒಳಗಿನ ಟಕಟಕ ನಿಂತಾಗ ಪದ್ಮಮ್ಮ ಸೊಸೆಯ ಮುಂಗೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಉಸ್ತಾದ್ ಮೆಟ್ಟಿಲಿಳಿದು ಬಂದರು. ಫೋನು ಕಿಣಿಗುಟ್ಟಿತು. ಅವರು ಅದನ್ನು ನೋಡದೆ ಹಾಗೇ ಸೊಸೆಯ ಕೈಗೆ ಕೊಟ್ಟರು.

ಚಿತ್ರಕ್ಕೆ ಐದಕ್ಕೆ ನಾಲ್ಕೂವರೆ. ಬಣ್ಣ ಹಸಿರು. ವಯಸ್ಸಿಗೆ ತಕ್ಕ ಹಾಗೆ ಗ್ರಂಥಿ ಉಬ್ಬಿದೆ, ರಕ್ತದಲ್ಲಿ ಅಂಶ ಏರಿದ್ದು ಅದರಿಂದ. ಗೆಡ್ಡೆ ಎಲ್ಲೂ ಇಲ್ಲ.

"ಹಸಿರು ಮಾವ! ಏನೂ ಇಲ್ಲ! ಏನೇನೂ ಇಲ್ಲ!" ಎಂದು ಅವಳು ಬೀದಿಯೆಂಬುದನ್ನೂ ಮರೆತು ಕೂಗಿದಳು. ಲಿಖಿತ್ ಅಪ್ಪನನ್ನು ಅಪ್ಪಿಕೊಂಡ. ಪದ್ಮಮ್ಮ ಚಾಮುಂಡಿಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದರು. ಉಸ್ತಾದ್ ಲಾರಿಯ ಚಕ್ರಕ್ಕೆ ಕೈ ಊರಿ ನಿಂತು, ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ನಿಧಾನವಾಗಿ ಬಿಟ್ಟರು.

ಅದೇ ಲಾರಿಗೆ, ಅದೇ ಮಧ್ಯಾಹ್ನ, ಚಂದ್ರಣ್ಣನನ್ನೂ ಮತ್ತೆ ಕರೆಸಿದ್ದರು. ಗೊಣಗಿಕೊಂಡೇ ಹತ್ತಿದ ಅವರು ಇಳಿಯುವಾಗ ಬಿಳುಚಿಕೊಂಡಿದ್ದರು. ಹೋದ ವರ್ಷ ಗುಳ್ಳೆಯ ಮರೆಯಲ್ಲಿದ್ದ ಒಂದು ಸಣ್ಣ ಗೆಡ್ಡೆ ಈಗ ಕಂಡಿತ್ತು. ಸಣ್ಣದಾಗಿದ್ದಾಗಲೇ ಸಿಕ್ಕಿದ್ದರಿಂದ ಕತ್ತರಿ ಹಾಕುವ ಅಗತ್ಯ ಬೀಳಲಿಲ್ಲ, ಕಿರಣದ ಚಿಕಿತ್ಸೆಯಲ್ಲೇ ವಾಸಿಯಾಗುತ್ತದೆ ಎಂದು ಆಸ್ಪತ್ರೆಯವರು ಹೇಳಿದರು. ಅಂದಿನಿಂದ ಚಂದ್ರಣ್ಣ ಅನುಮಾನದ ಪೆಟ್ಟಿಗೆಯನ್ನು ಹೊಗಳದ ಟೀ ಅಂಗಡಿ ಉಳಿಯಲಿಲ್ಲ.

ಸಂಜೆ ಹಜಾರದಲ್ಲಿ ಕಾಫಿ ಕೊಡುವಾಗ ಸಿಂಚನ ಬೋಳುಗೋಡೆಯನ್ನು ಮತ್ತೆ ನೋಡಿದಳು. "ಮಾವ, ಗದೆ ಪಾಲಿಶ್ ಆಗಿ ಇನ್ನೂ ಬಂದಿಲ್ವಾ?"

ಉಸ್ತಾದ್ ಕಾಫಿ ಲೋಟ ಕೆಳಗಿಟ್ಟರು. "ಪಾಲಿಶ್‌ಗೆ ಕೊಟ್ಟಿಲ್ಲ ಕಣವ್ವ. ರಫೀಕನಿಗೆ ಕೊಟ್ಟೆ. ಗದೆನೂ ಕೊಟ್ಟೆ, ಗರಡಿ ಬೀಗದ ಕೈನೂ ಕೊಟ್ಟೆ. ಇನ್ನು ಮೇಲೆ ನೀನೇ ಉಸ್ತಾದು ಅಂದೆ." ರಫೀಕ್ ಅವರ ಶಿಷ್ಯರಲ್ಲೆಲ್ಲ ಹಿರಿಯ, ಗರಡಿಯ ಮುಂದಿನ ಆಳು.

"ಯಾಕೆ ಮಾವ? ಅವಾಗಿನ್ನೂ ಏನೂ ಗೊತ್ತಿರಲಿಲ್ವಲ್ಲ?"

"ನಿನಗೆ ಗೊತ್ತಿತ್ತು." ಅವರು ಅವಳ ಮುಖವನ್ನು ನೇರವಾಗಿ ನೋಡಿದರು. "ಎದುರಾಳಿ ಕಣ್ಣು ನೋಡ್ಕೊಂಡೇ ಪಟ್ಟು ಹಾಕ್ತಿದ್ದೋನು ನಾನು. ಅವತ್ತು ಸಂಜೆ ನೀನು ನನ್ನ ಕಣ್ಣು ತಪ್ಪಿಸಿ ಒಳಗೆ ಹೋದೆ. ಆಗಲೇ ತಿಳ್ಕೊಂಡೆ, ಇವಳು ಬೀಗ ತೆಗೆದು ನೋಡಿದಾಳೆ, ನೋಡಬಾರದ್ದು ಕಂಡಿದಾಳೆ ಅಂತ. ಕೇಳಿದ್ರೆ ನಿನಗೆ ಹೇಳೋದು ಕಷ್ಟ ಆಗುತ್ತೆ ಅಂತ ಸುಮ್ಮನಾದೆ. ರಫೀಕನ ಮನೆ ಮುಂದೆ ಗದೆ ಇಟ್ಟು ವಾಪಸ್ ಬರುವಾಗ ದಾರೀಲಿ ಕೂತ್ಕೊಂಡುಬಿಟ್ಟಿದ್ದೆ ಕಣವ್ವ. ಬಹಳ ಭಯ ಆಗಿತ್ತು."

ಒಂದೂವರೆ ಅಂಕದ ಚಿತ್ರ ನೋಡಿ ಅವಳು ಹೆದರಿದ್ದಳು. ಹೆದರಿದ ಅವಳ ಮುಖ ನೋಡಿ ಅವರು ಇಡೀ ಬದುಕನ್ನೇ ಗಂಟುಕಟ್ಟಿ ಶಿಷ್ಯನಿಗೆ ಒಪ್ಪಿಸಿ ಬಂದಿದ್ದರು. ಅವಳು ಅವರ ಕಾಲ ಬಳಿ ಕುಳಿತಳು. "ತಪ್ಪಾಯ್ತು ಮಾವ. ನೋಡಿದ್ದು ನಿಜ. ಆದರೆ ಅದು ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ."

"ಹಂಗಂತ ಹೇಳಬೇಕಿತ್ತು. ನೋಡ್ದೆ ಮಾವ, ಗೊತ್ತಾಗ್ಲಿಲ್ಲ, ಅಂದಿದ್ರೆ ಮುಗೀತಿತ್ತು." ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ತುಸು ತಮಾಷೆಯೇ ಇತ್ತು. "ಗೊತ್ತಿಲ್ಲ ಅನ್ನೋದನ್ನ ಯಂತ್ರಕ್ಕೆ ಕಲಿಸಿದೆ. ನೀನೇ ಕಲೀಲಿಲ್ವಲ್ಲವ್ವ."

ಗೇಟಿನ ಬಳಿ ಸ್ಕೂಟರ್ ನಿಂತ ಸದ್ದಾಯಿತು. ರಫೀಕ್, ಬೆಡ್‌ಶೀಟಿನಲ್ಲಿ ಸುತ್ತಿದ ಗದೆಯನ್ನು ಭುಜದ ಮೇಲೆ ಹೊತ್ತು ಒಳಗೆ ಬಂದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಏನು ಹೇಳಿ ವಾಪಸ್ ಕೇಳುವುದು ಎಂದು ಮಧ್ಯಾಹ್ನದಿಂದ ಒದ್ದಾಡುತ್ತಿದ್ದ ಉಸ್ತಾದರಿಗೆ ಅವನು ಬಾಯಿ ತೆರೆಯಲೂ ಬಿಡಲಿಲ್ಲ.

"ಉಸ್ತಾದ್, ನಮ್ಮನೇಲಿ ಇದನ್ನ ಇಡೋಕೆ ಜಾಗ ಇಲ್ಲ," ಎಂದು ಗೋಡೆಯ ಮೊಳೆಗೆ ತೂಗುಹಾಕಿ, ಗರಡಿಯ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು ಮಡಚಿದ. "ನಾಳೆ ಬೆಳಗ್ಗೆ ಬೇಗ ಬನ್ನಿ. ಹುಡುಗರು ನನ್ನ ಮಾತು ಕೇಳ್ತಿಲ್ಲ."

ಉಸ್ತಾದ್ ಅವನ ಬೆನ್ನಿಗೆ ಗುದ್ದಿದರು.

ಒಳಗೆ ಒಗ್ಗರಣೆ ಚಟಪಟ ಅಂದಿತು. ಹಿದಕಬೇಳೆಯ ಘಮ ಹಜಾರಕ್ಕೆ ಬಂತು. ಪದ್ಮಮ್ಮ ಎರಡು ತಟ್ಟೆಗಳಲ್ಲಿ ಬಿಸಿ ಮುದ್ದೆ ಹಿಡಿದು ಬಾಗಿಲಲ್ಲಿ ನಿಂತು, ನಾಳೆ ಇಬ್ಬರಿಗೂ ಸ್ಕ್ಯಾನ್ ಇಲ್ಲ ತಾನೇ ಎಂದು ಗಟ್ಟಿಮಾಡಿಕೊಂಡ ಮೇಲೇ ಸಾರು ಬಡಿಸಿದರು.